ಕಥೆಯ ಕವಲುದಾರಿ

ಹೋದ ಬೇಸಗೆಯ ರಜೆಯಲ್ಲಿ ಶೆಟಗೇರಿಯ ನಮ್ಮ ಮನೆಯ ಜಗಲಿಯ ಮೇಲೆ ಮೊಮ್ಮಗ ಮೊಬೈಲು ಹಿಡಿದು ಕುಳಿತಿದ್ದ. ಪರದೆಯ ಮೇಲೊಬ್ಬ ವೀರ ಕಾಡಿನ ಕವಲುದಾರಿಯಲ್ಲಿ ನಿಂತು ಇವನ ಅಪ್ಪಣೆಗೆ ಕಾಯುತ್ತಿದ್ದ. ಗಾಯಗೊಂಡ ಮಾಟಗಾತಿಯನ್ನು ಕಾಪಾಡಬೇಕೆ, ಬಿಟ್ಟು ಮುಂದೆ ಹೋಗಬೇಕೆ? ಹುಡುಗ ಬಿಟ್ಟು ಹೋದ; ಊರಿಗೆ ಊರೇ ಸುಟ್ಟಿತು. ಅವನಿಗೆ ಅದರ ವ್ಯಥೆಯೇನೂ ಇಲ್ಲ. ಹಿಂದಕ್ಕೆ ಬಂದು ಅವಳನ್ನು ಕಾಪಾಡಿದ, ಊರು ಉಳಿಯಿತು. “ಇದಕ್ಕೆ ಆರು ಕೊನೆ ಇವೆ, ಅಜ್ಜಾ” ಎಂದ.

ಆರು ಕೊನೆಗಳುಳ್ಳದ್ದೂ ಒಂದು ಕಥೆಯೇ ಎಂದು ನಾನು ಹಂಗಿಸಿದೆ. ಆದರೆ ಈ ಆಟಗಳ ಪೂರ್ವೋತ್ತರವನ್ನು ಹುಡುಕುತ್ತ ಹೋದಂತೆ ನನ್ನ ಬಿಗುಮಾನ ಇಳಿಯಿತು.

ಇವುಗಳ ಮೂಲಪುರುಷ ಅಮೇರಿಕೆಯ ವಿಲ್ ಕ್ರೌಥರ್ ಎಂಬ ಗಣಕಯಂತ್ರದ ಕೆಲಸಗಾರ. ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಗಳಲ್ಲಿ ಇಳಿದು ನಕ್ಷೆ ತೆಗೆಯುವುದು ಅವನ ಹವ್ಯಾಸ. ಸಂಸಾರ ಒಡೆದು ಮಕ್ಕಳಿಂದ ದೂರಾದ ಕಾಲದಲ್ಲಿ, 1976ರ ಸುಮಾರಿಗೆ, ತನ್ನ ಇಬ್ಬರು ಹೆಣ್ಣುಮಕ್ಕಳ ಸಂತೋಷಕ್ಕೆಂದು ಅವನು ಗುಹೆಯ ಆಟವೊಂದನ್ನು ಬರೆದ. ಅದರಲ್ಲಿ ಚಿತ್ರವಿಲ್ಲ, ಬರಿಯ ಮಾತು. ‘ಉತ್ತರಕ್ಕೆ ಹೋಗು’, ‘ದೀಪ ತೆಗೆದುಕೋ’ ಎಂದು ಬೆರಳಚ್ಚು ಮಾಡಿದರೆ ಯಂತ್ರ ಮುಂದಿನ ಸಂಗತಿ ಹೇಳುತ್ತಿತ್ತು. ಮರುವರ್ಷ ಡಾನ್ ವುಡ್ಸ್ ಎಂಬಾತ ಅದನ್ನು ಬೆಳೆಸಿದ.

ಅದೇ ದೇಶದಲ್ಲಿ ಎಡ್ವರ್ಡ್ ಪ್ಯಾಕರ್ಡ್ ಎಂಬ ವಕೀಲನಿದ್ದ. ರಾತ್ರಿ ಮಕ್ಕಳಿಗೆ ಕಥೆ ಹೇಳುತ್ತಿರುವಾಗ ಒಂದು ದಿನ ಅವನಿಗೆ ಮುಂದಿನದು ಹೊಳೆಯದೆ, “ಈಗ ಅವನು ಏನು ಮಾಡಬೇಕು?” ಎಂದು ಹೆಣ್ಣುಮಕ್ಕಳನ್ನೇ ಕೇಳಿದ. ಒಬ್ಬೊಬ್ಬಳು ಒಂದೊಂದು ದಾರಿ ಹೇಳಿದಳು. ಓದುಗನೇ ದಾರಿ ಆರಿಸಿಕೊಳ್ಳುವ ಪುಸ್ತಕಗಳು ಹುಟ್ಟಿದ್ದು ಹೀಗೆ. 1979ರಲ್ಲಿ ಬಂದ ಅವನ ಪುಸ್ತಕದ ಹೆಸರು ‘ಕಾಲದ ಗುಹೆ’ ಎಂಬ ಅರ್ಥದ್ದು.

ಆಮೇಲಿನದು ಬೆಳವಣಿಗೆಯ ಮಾತು. 1995ರಲ್ಲಿ ಜಪಾನಿನಿಂದ ಬಂದ ‘ಕ್ರೋನೋ ಟ್ರಿಗರ್’ ಆಟಕ್ಕೆ ಹತ್ತಕ್ಕೂ ಮಿಕ್ಕಿ ಮುಕ್ತಾಯಗಳು. 2023ರಲ್ಲಿ ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಆಟಗಾರನ ಒಂದೊಂದು ಮಾತೂ ಮುಂದಿನ ಕಥೆಯನ್ನು ತಿರುಗಿಸುತ್ತದೆ. ಕೋಟಿಗಟ್ಟಲೆ ಹಣದ ಈ ಉದ್ಯಮದ ಬುಡದಲ್ಲಿ ಇರುವುದು ಮಕ್ಕಳಿಗೆ ಕಥೆ ಹೇಳಹೊರಟ ಇಬ್ಬರು ತಂದೆಯರು ಎಂಬುದೇ ನನಗೆ ಸೋಜಿಗ.

ನಮ್ಮ ಕಡೆಗೆ ಬನ್ನಿ. ತಾಳಮದ್ದಳೆಯಲ್ಲಿ ಅರ್ಥಧಾರಿಗೆ ದಾರಿ ಮುಕ್ತ, ಕೊನೆ ಮಾತ್ರ ಕಟ್ಟು. ವಾಲಿ ಬೆಳಗಿನ ತನಕ ವಾದಿಸಿ ರಾಮನನ್ನು ನಿರುತ್ತರನನ್ನಾಗಿಸಿದರೂ ನಾಟಿದ ಬಾಣ ನಾಟಿದ್ದೇ. ಈ ಕಟ್ಟನ್ನು ಸಡಿಲಿಸಿದವರು ನಮ್ಮ ಜಿಲ್ಲೆಯ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು. 1988ರ ‘ನಾಗಮಂಡಲ’ದಲ್ಲಿ ಕೇಳುತ್ತ ಕುಳಿತ ದೀಪದ ಜ್ಯೋತಿಗಳಿಗೆ ಕಥೆಯ ಕೊನೆ ಒಪ್ಪಿಗೆಯಾಗುವುದಿಲ್ಲ. ಒಂದು ಕೊನೆಯಲ್ಲಿ ಸತ್ತ ನಾಗ ಇನ್ನೊಂದರಲ್ಲಿ ರಾಣಿಯ ಕೂದಲಲ್ಲಿ ಬದುಕಿ ಉಳಿಯುತ್ತಾನೆ.

ಇದನ್ನೆಲ್ಲ ನೆನೆಯುವಾಗ ನನ್ನ ಅಜ್ಜಿ ಕಣ್ಣಮುಂದೆ ಬಂದಳು. ಹುಲಿಯ ಬಾಯಿಗೆ ಹೋದ ಆಕಳು ಸಾಯಬಾರದೆಂದು ನಾನು ಅತ್ತರೆ, ಹುಲಿಗೆ ಅಂದು ಏಕಾದಶಿ ಎಂದು ಹೇಳಿ ಕಥೆ ತಿರುಗಿಸುತ್ತಿದ್ದಳು. ಎರಡು ಕೊನೆಗಳ ಕಥೆ ನನಗೇನೂ ಹೊಸತಾಗಿರಲಿಲ್ಲ, ಮರೆತಿದ್ದೆ, ಅಷ್ಟೆ.

ಆದರೆ ಅವಳು ಎಷ್ಟು ಅತ್ತರೂ ತಿರುಗಿಸದ ಕಥೆಯೊಂದಿತ್ತು. ಆ ರಾತ್ರಿ ಅದನ್ನು ಮೊಮ್ಮಗನಿಗೆ ಹೇಳಿದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಅದರ ಬೆನ್ನಿಗೇ ಕರನಿರಾಕರಣೆ ಬಂತು. ಕಂದಾಯ ಕಟ್ಟಿದರೆ ಹೊಲ ಉಳಿಯುವುದು, ಕಟ್ಟದಿದ್ದರೆ ಜಪ್ತಿ. ಈ ತಾಲೂಕಿನ ರೈತರು ಆ ಕವಲಿನಲ್ಲಿ ನಿಂತರು. ಬಹಳ ಜನ ಕಟ್ಟಲಿಲ್ಲ. ಹೊಲ ಹೋಯಿತು, ದನಕರು ಹೋಯಿತು, ಪಾತ್ರೆಪಗಡಿಯೂ ಹರಾಜಾಯಿತು.

ಹುಡುಗ ಕೇಳಿದ: “ಹಿಂದಕ್ಕೆ ಬಂದು ಮತ್ತೆ ಆಡಲಿಕ್ಕೆ ಆಗುತ್ತಿರಲಿಲ್ಲವೇ?”

“ಇಲ್ಲ, ತಮಾ.”

“ಕೊನೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತೇ?”

“ಗೊತ್ತಿರಲಿಲ್ಲ.”

1937ರಲ್ಲಿ ಮುಂಬಯಿ ಪ್ರಾಂತಕ್ಕೆ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕೆಲಸ ನಡೆಯಿತು. ಆದರೆ ಕಂದಾಯ ಒಲ್ಲೆನೆಂದ ದಿನ ಆ ರೈತನ ಮುಂದೆ 1937 ಇರಲಿಲ್ಲ, ಹಸಿದ ಮಕ್ಕಳಿದ್ದರು. ಆಟ ನಮಗೆ ಆರಿಸಲು ಕಲಿಸೀತು. ಆರಿಸಿದ್ದರ ಭಾರವನ್ನು ಹೊರಲು ಕಲಿಸುವ ಕಥೆಯನ್ನು ಮನೆಯ ಹಿರಿಯರೇ ಹೇಳಬೇಕು. ನಾವು ಹೇಳದೆ ಕುಳಿತು ಮೊಬೈಲನ್ನು ಬೈದರೆ ತಪ್ಪು ಯಾರದು?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ನಿದ್ದೆ ಬಂತೆಂದುಕೊಂಡು ನಾನು ದೀಪ ಆರಿಸಲು ಎದ್ದೆ.

“ಮುಂದೆ, ಅಜ್ಜಾ?” ಎಂದ.