ಆತಕೂರಿನ ಕಲ್ಲು: ಶಾಸನದೊಳಗಿನ ಪಾಲನೆಯ ಕಟ್ಟಳೆ

ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ವಿದ್ವಾಂಸರಿಗೆ ಚಿರಪರಿಚಿತ. ಕ್ರಿ.ಶ. 949-50ರ ಈ ಶಾಸನವನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ (1894) ಪ್ರಕಟಿಸಿದರು, ಜೆ.ಎಫ್. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿದರು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ನಡೆಸಿದ ಯುದ್ಧ, ಅಲ್ಲಿ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದ ಬಗೆ, ಇವುಗಳ ಸುತ್ತಲೇ ಅಂದಿನಿಂದ ಚರ್ಚೆ ಬೆಳೆದಿದೆ. ರಾಜಕೀಯ ಚರಿತ್ರೆಗೆ ಅದರ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಲ್ಲನ್ನು ನೆಟ್ಟದ್ದು ಯುದ್ಧದ ವರದಿಗಾಗಿ ಎಂಬಂತೆ ಓದುವ ವಸಾಹತುಕಾಲದ ಕ್ರಮವನ್ನು ಒಪ್ಪುವುದು ಕಷ್ಟ.

ಕಲ್ಲಿನ ಮೇಲೆ ಕೆತ್ತಿರುವುದು ಹಂದಿಯೊಡನೆ ಸೆಣಸುವ ನಾಯಿಯನ್ನು. ಬೂತುಗನ ಅನುಚರನಾದ ಮಣಲೇರನು ಅವನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಅದು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅಲ್ಲಿನ ಗೊರವನು (ಶೈವ ಪೂಜಾರಿ) ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದು ವಿಧಿಸಲಾಗಿದೆ. ಸ್ಥಳ, ಆದಾಯ, ಹೊಣೆಗಾರ, ಲೋಪಕ್ಕೆ ಶಿಕ್ಷೆ: ನಾಲ್ಕೂ ಇರುವುದರಿಂದ ಇದನ್ನು ಕಲ್ಲಿನ ಪಾಲನೆಯ ಕಟ್ಟಳೆ ಎನ್ನಬಹುದು.

ಇದು ದತ್ತಿಶಾಸನಗಳ ಕೊನೆಯಲ್ಲಿ ಬರುವ ರೂಢಿಯ ಶಾಪಾಶಯ ಮಾತ್ರ ಎಂಬ ಆಕ್ಷೇಪ ಏಳಬಹುದು. ರೂಢಿಯ ಶಾಪಾಶಯ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ದತ್ತಿ ಕೆಡಿಸಿದವನು ಯಾರೇ ಆಗಲಿ ಅವನ ಮೇಲೆ ಹೊರಿಸುತ್ತದೆ. ಇಲ್ಲಿ ಗುರಿ ಒಬ್ಬ ಗೊರವ, ಲೋಪ ನಿತ್ಯದ ಒಂದು ಕರ್ತವ್ಯ, ಪಾಪವೂ ಈ ನಾಯಿಯದೇ. ಹಾಗೆಂದು ಪೂಜೆ ನಿಜವಾಗಿ ನಡೆಯುತ್ತಿತ್ತು ಎಂಬುದಕ್ಕೆ ಈ ಸಾಲು ಪುರಾವೆಯಾಗದು. ನೆಟ್ಟವರ ಉದ್ದೇಶವನ್ನಷ್ಟೇ ಹೇಳುತ್ತದೆ. ಸಂಗ್ರಹಾಲಯ ಇಂಥ ಕಲ್ಲುಗಳನ್ನು ಮಳೆಬಿಸಿಲಿನಿಂದ ಕಾಪಾಡುತ್ತದೆ ಎಂಬ ವಾದದಲ್ಲೂ ಹುರುಳಿದೆ. ಆದರೆ ಕಾಪಾಡುವುದು ಏನನ್ನು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಎಸ್. ಶೆಟ್ಟರ್ ಮತ್ತು ಸೊಂಥೈಮರ್ 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ವೀರಗಲ್ಲುಗಳನ್ನು ಆಚರಣೆಯ ನೆಲೆಯಲ್ಲಿ ನೋಡುವ ದಾರಿ ತೆರೆಯಿತು; ವಸ್ತುಸೂಚಿಗಳೂ ಆ ದಾರಿ ಹಿಡಿಯಬೇಕು. ಆತಕೂರಿನ ಕಲ್ಲಿನ ವಿವರಣೆಯಲ್ಲಿ ತಕ್ಕೋಲದಷ್ಟೇ ಸ್ಥಾನ ಗೊರವನ ಹೊಣೆಗೂ ಸಿಗಬೇಕು. ಕಲ್ಲನ್ನು ಊರಿಗೆ ಮರಳಿಸಬೇಕೆ ಎಂಬುದು ಈ ಒಂದು ಸಾಲಿನಿಂದ ತೀರ್ಮಾನವಾಗದು. ಅದಕ್ಕೆ ಊರಿನವರ ಅಭಿಪ್ರಾಯವೂ ದತ್ತಿಭೂಮಿಯ ಮುಂದಿನ ಇತಿಹಾಸವೂ ಬೇಕಾಗುತ್ತವೆ.