ಹಳಿಯಾಳ ಸೀಮೆಯ ಓಟಗಾರರು ಮತ್ತು ಅವರ ಜೊತೆಗಾರರು

1920ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಆ್ಯಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಒಬ್ಬರು ಓಡಿದರು. ಅವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಈಗ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಆ ಸಲದ ದಾರಿ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ನಡೆದಿಲ್ಲ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದ ಆ ಓಟವನ್ನು ಚೌಗುಲೆ ಸುಮಾರು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು.

ಬೆಳಗಾವಿಯಿಂದ ಆ್ಯಂಟ್‌ವರ್ಪ್‌ವರೆಗೆ ಅವರನ್ನು ಮುಟ್ಟಿಸಿದ್ದು ಕಾಲಿನ ಬಲವೊಂದೇ ಅಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಅಲ್ಲಿನ ಕ್ರೀಡಾಕೂಟದಲ್ಲಿ ಹಳ್ಳಿಯ ರೈತ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡಿದ್ದರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಹೊರಟು, ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ಪಡೆದರು. ಆಯ್ಕೆಗೆ ಸಮಿತಿಯಾಯಿತು, ಹಣ ಕೂಡಿತು, ತಮ್ಮ ಕೈಯಿಂದಲೂ ಟಾಟಾ ಹಾಕಿದರು. ಓಡುವವನ ಸುತ್ತ ಹೀಗೆ ಒಂದಿಷ್ಟು ಜನ ನಿಂತಾಗ ಒಂದು ಊರಿನ ಓಟ ಜಗತ್ತಿನ ಕಣ್ಣಿಗೆ ಬಿತ್ತು.

ಬೆಳಗಾವಿ ಜಿಲ್ಲೆಯ ಖಾನಾಪುರ ದಾಟಿದರೆ ಜೋಯಿಡಾ, ಹಳಿಯಾಳ. ಅಲ್ಲಿಂದ ದಾಂಡೇಲಿ, ಇನ್ನೂ ಆಚೆ ಮುಂಡಗೋಡ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಚೌಗುಲೆಯವರ ಕಾಲದಲ್ಲಿ ಇವೆಲ್ಲ ಒಂದೇ ಆಡಳಿತದ ಊರುಗಳು. ಆದರೂ ಕಾಡಿನೊಳಗಿನ ಕಾಲುಗಳನ್ನು ಹುಡುಕಿಕೊಂಡು ಅಂದು ಯಾರೂ ಬರಲಿಲ್ಲ. ಸರ್ಕಾರಕ್ಕೆ ಈ ಸೀಮೆಯಿಂದ ಬೇಕಿದ್ದದ್ದು ತೇಗ. ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಬಂದದ್ದೂ ಮರ ಸಾಗಿಸಲಿಕ್ಕೇ.

ಆ ಕಾಡಿನಲ್ಲಿ ನಡಿಗೆಯಿಲ್ಲದೆ ಬದುಕೇ ಇರಲಿಲ್ಲ. ಜೋಯಿಡಾದ ಕುಣಬಿಗಳಿಗೆ ಗುಡ್ಡದಾಚೆಯ ಸಂತೆ, ಗೌಳಿಗರಿಗೆ ದನದ ಹಿಂದಿನ ಸುತ್ತಾಟ, ಸಿದ್ದಿಗಳಿಗೆ ಜೇನು, ಕಟ್ಟಿಗೆ, ಕೂಲಿ. ಇವರಲ್ಲಿ ಸಿದ್ದಿಗಳು ಈ ನಾಡಿಗೆ ಬಂದ ಬಗೆಯೇ ಒಂದು ದೀರ್ಘ ಓಟದ ಕತೆ. ಅವರ ಹಿರಿಯರು ಆಫ್ರಿಕಾದ ಪೂರ್ವ ಕರಾವಳಿಯ ಕಡೆಯಿಂದ ಅರಬ್ ಮತ್ತು ಪೋರ್ಚುಗೀಸ್ ಹಡಗುಗಳಲ್ಲಿ ಗುಲಾಮರಾಗಿ ಪಶ್ಚಿಮ ಕರಾವಳಿಗೆ ಬಂದವರು. ಗೋವೆಯ ಧಣಿಗಳಿಂದ ತಪ್ಪಿಸಿಕೊಂಡ ಎಷ್ಟೋ ಜನ, ಮುಂದೆ ಬಿಡುಗಡೆ ಪಡೆದ ಇನ್ನೆಷ್ಟೋ ಜನ ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡು ಸೇರಿದರು. ಹಿಡಿಯಲು ಬರುವವರ ಕೈಗೆ ಸಿಗದಷ್ಟು ದೂರ ಹೋಗುವುದೊಂದೇ ಆಗ ಅವರ ಮುಂದಿದ್ದ ಗುರಿ. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು. ಶಾಲೆಯಲ್ಲಿ, ಪೇಟೆಯಲ್ಲಿ ಕನ್ನಡ.

ಕ್ರೀಡಾ ಇಲಾಖೆಯ ಕಣ್ಣು ಈ ಕಾಡಿನ ಮೇಲೆ ಬಿದ್ದದ್ದು 1980ರ ದಶಕದಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬಳಿಕ 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತ್ತು. ಮಂಗಳೂರಿನ ಮಾರ್ಗರೇಟ್ ಆಳ್ವ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದರು. ಬುಡಕಟ್ಟು, ಗುಡ್ಡಗಾಡು, ಕರಾವಳಿಯ ಜನರಲ್ಲಿರುವ ಸಹಜ ಕಸುವನ್ನು ಹುಡುಕಿ ಬೆಳೆಸುವ ವಿಶೇಷ ಪ್ರದೇಶ ಕ್ರೀಡಾ ಯೋಜನೆ ಆಗ ಜಾರಿಗೆ ಬಂತು. ಐಎಎಸ್ ಅಧಿಕಾರಿ ಬಿ.ವಿ.ಪಿ. ರಾವ್ ಅದರ ಮುಂದಾಳು. ಅದೇ ಯೋಜನೆ ರಾಜಸ್ಥಾನದ ಭಿಲ್ ಹುಡುಗ ಲಿಂಬಾ ರಾಮ್‌ನನ್ನು ಪತ್ತೆ ಮಾಡಿತು. ಬಿದಿರಿನ ಬಿಲ್ಲು ಹಿಡಿದಿದ್ದ ಆತ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು. ಗುಜರಾತಿನ ಮತ್ತು ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿದ್ದೂ ಇದೇ ಯೋಜನೆ.

ಓಡಿಸಿ, ಜಿಗಿಸಿ, ಎಸೆಸಿ ನೋಡಿ ಮಕ್ಕಳನ್ನು ಆಯ್ದರು. ಆಯ್ಕೆಯಾದವರು ಮನೆ ಬಿಟ್ಟು ದೂರದ ಊರಿನ ವಸತಿ ಕೇಂದ್ರಗಳಿಗೆ ಹೋದರು. ಸ್ಪೈಕ್ಸ್ ಬೂಟು, ಎರಡು ಹೊತ್ತಿನ ತರಬೇತಿ, ಹೊಟ್ಟೆ ತುಂಬ ಊಟ, ಶಾಲೆ. ಫಲ ಸಿಗಲು ಬಹಳ ಕಾಲ ಬೇಕಾಗಲಿಲ್ಲ. ಕಮಲಾ ಸಿದ್ದಿ ಹರ್ಡಲ್ಸ್ ಮತ್ತು ಹೆಪ್ಟಾತ್ಲಾನ್‌ನಲ್ಲಿ ರಾಷ್ಟ್ರೀಯ ಪದಕಗಳನ್ನು ಗೆದ್ದು ದೇಶದ ಪರವಾಗಿ ಕಣಕ್ಕಿಳಿದರು. ಜೂಜೆ ಜಾಕಿ ಹರ್ನೋಡ್ಕರ್ ಅವರಂಥ ಓಟಗಾರರು ಹೆಸರು ಮಾಡಿದರು. ಕಾಡಂಚಿನ ಕೇರಿಗಳಲ್ಲಿ ಮೊದಲ ಬಾರಿಗೆ ಪದಕಗಳು ಗೋಡೆಗೆ ತೂಗಿದವು.

1993ರಲ್ಲಿ ಸಿದ್ದಿ ಮಕ್ಕಳ ಆ ತರಬೇತಿ ನಿಂತುಹೋಯಿತು. ಇನ್ನೂ ಬೆಳೆಯುವ ವಯಸ್ಸಿನಲ್ಲಿದ್ದವರು ಊರಿಗೆ ಮರಳಿದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು, ಸಂಬಳ ಮನೆಗೆ ಬಂತು; ಆದರೆ ಓಟ ಅಲ್ಲಿಗೇ ನಿಂತಿತು. ಉಳಿದವರು ಹೊಲಕ್ಕೆ, ಕೂಲಿಗೆ ವಾಪಸಾದರು. ಅವರ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಊರಿನಲ್ಲಿ: ಅವರ ಜೊತೆ ಬೆಳಗ್ಗೆ ಎದ್ದು ಓಡುವ ಒಂದು ಗುಂಪು, ಗಡಿಯಾರ ಹಿಡಿದು ನಿಲ್ಲುವ ಒಬ್ಬ ಗುರು ಇರಲಿಲ್ಲ. ಯೋಜನೆ ಮಕ್ಕಳನ್ನು ಊರಿಂದ ಎತ್ತಿಕೊಂಡು ಹೋಗಿತ್ತು. ಊರಿನಲ್ಲೇ ಓಟವನ್ನು ಬೇರೂರಿಸುವ ಕೆಲಸ ಉಳಿದುಹೋಗಿತ್ತು.

ಆ ಯೋಜನೆಯ ಹಿಂದೆ ಒಂದು ನಂಬಿಕೆಯಿತ್ತು. ಆಫ್ರಿಕಾ ಮೂಲದವರು, ಆದ್ದರಿಂದ ಓಟ ರಕ್ತದಲ್ಲೇ ಇದೆ ಎಂಬುದು. ಈಗಲೂ ಸಿದ್ದಿಗಳ ಬಗ್ಗೆ ಮಾತು ಬಂದರೆ ಇದು ಕೇಳಿಬರುತ್ತದೆ. ಆದರೆ ಆಫ್ರಿಕಾ ಒಂದು ಊರಲ್ಲ. ಜಗತ್ತಿನ ಮ್ಯಾರಥಾನ್‌ಗಳನ್ನು ಗೆಲ್ಲುವವರು ಬಹುಪಾಲು ಕೆನ್ಯಾ, ಇಥಿಯೋಪಿಯಾದ ಎತ್ತರದ ಪ್ರಸ್ಥಭೂಮಿಯವರು. ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರು ಪೂರ್ವ ಮತ್ತು ಆಗ್ನೇಯ ಆಫ್ರಿಕಾದ ಬಂಟು ಭಾಷಿಕ ಜನ.

ಆ ಪ್ರಸ್ಥಭೂಮಿಯಲ್ಲೂ ಓಟ ಬೆಳೆದದ್ದು ಕೂಟದಿಂದ. ಕೆನ್ಯಾದ ಇಟೆನ್ ಸುಮಾರು 2,400 ಮೀಟರ್ ಎತ್ತರದ ಪುಟ್ಟ ಊರು. 1976ರಲ್ಲಿ ಐರ್ಲೆಂಡಿನಿಂದ ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಗೆ ಪಾಠ ಹೇಳಲು ಬಂದ ಕೋಮ್ ಓಕಾನೆಲ್‌ಗೆ ಅಥ್ಲೆಟಿಕ್ಸ್ ತರಬೇತಿಯ ಅನುಭವವೇ ಇರಲಿಲ್ಲ. ಅವರು ಮಕ್ಕಳ ಜೊತೆ ವರ್ಷಾನುಗಟ್ಟಲೆ ಉಳಿದರು; ಅಲ್ಲಿಂದ ವಿಶ್ವ ಚಾಂಪಿಯನ್ನರು ಹೊರಬಂದರು. ಇಂದೂ ಅಲ್ಲಿನ ಮಣ್ಣಿನ ದಾರಿಗಳಲ್ಲಿ ಓಟಗಾರರು ಹಿಂಡುಹಿಂಡಾಗಿ ಹೊರಡುತ್ತಾರೆ, ಹೊಸಬರು ಹಳಬರ ಹಿಂದೆ ಕಾಲು ಕೂಡಿಸುತ್ತಾರೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ, ಅವರಿಗಾಗಿ ಗಾಳಿ ತಡೆದು ವೇಗ ಕಾಯಲು 41 ಓಟಗಾರರ ತಂಡವಿತ್ತು. ಅಧಿಕೃತ ದಾಖಲೆಯೆಂದು ಅದನ್ನು ಪರಿಗಣಿಸಲಿಲ್ಲ. ಆದರೂ ಮನುಷ್ಯ ಎರಡು ಗಂಟೆಯೊಳಗೆ ಆ ದೂರ ಮುಟ್ಟಿದ್ದು ಜೊತೆಗಾರರ ನಡುವೆ ಓಡಿಯೇ.

ಹೀಗೆ ಕೂಡಿ ಬದುಕುವ ರೂಢಿ ಹಳಿಯಾಳ ಸೀಮೆಗೆ ಹೊಸದಲ್ಲ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ದೊಡ್ಡ ಕೌದಿಯಾದರೆ ಅಕ್ಕಪಕ್ಕದವರೂ ಸೂಜಿ ಹಿಡಿದು ಕೂರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು, ಅವರ ಮಾತಿನಲ್ಲಿ ಫುಲಾ, ಇಡದಿದ್ದರೆ ಕೌದಿ ಪೂರ್ತಿಯಾಗುವುದಿಲ್ಲ. ಡಮಾಮಿ ಡೋಲಿನ ಬಡಿತ ಎದ್ದರೆ ಮುದುಕರು, ಮಕ್ಕಳು ಎನ್ನದೆ ಕೇರಿ ಕುಣಿಯುತ್ತದೆ. ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಕುಣಬಿ ಕುಟುಂಬಗಳು ತಾವು ಬೆಳೆದ ಗೆಡ್ಡೆಗಳನ್ನು ಹೊತ್ತು ತಂದು ಒಂದೆಡೆ ಸೇರುತ್ತವೆ. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ತಲೆಯೆತ್ತಿದ ಮೇಲೆ ನಾನಾ ಕಡೆಯ ಕೆಲಸಗಾರರು ಬಂದು ನೆಲೆಸಿದ ದಾಂಡೇಲಿಯಲ್ಲಿ ಹಲವು ಭಾಷೆಗಳ ನೆರೆಹೊರೆಯಿದೆ. 1966ರಲ್ಲಿ ಟಿಬೆಟನ್ನರು ಬಂದಿಳಿದಾಗ ಅವರಿಗೆ ನೆಲ ಕೊಟ್ಟದ್ದು ಮುಂಡಗೋಡ.

ಕುಸ್ತಿಯ ಚರಿತ್ರೆಯೂ ಈ ಕೂಡಿ ಬಾಳುವ ರೂಢಿಗೆ ಸಾಕ್ಷಿ. ಹಳಿಯಾಳದಲ್ಲಿ ಕುಸ್ತಿ ಅಳಿಯದೆ ಉಳಿದದ್ದು ಅದಕ್ಕೆ ಊರಿನೊಳಗೇ ಗರಡಿ ಇದ್ದುದರಿಂದ. ಹಿರಿಯ ಪೈಲ್ವಾನರು ಕಿರಿಯರ ಜೊತೆ ಅಖಾಡಕ್ಕೆ ಇಳಿಯುತ್ತಾರೆ, ಪಟ್ಟು ಹೇಳುತ್ತಾರೆ, ಕುಸ್ತಿ ಪಂದ್ಯದ ದಿನ ಸುತ್ತಲಿನ ಹಳ್ಳಿಗಳು ನೋಡಲು ನೆರೆಯುತ್ತವೆ. ಸರ್ಕಾರದ ಕ್ರೀಡಾ ವಸತಿ ನಿಲಯ ಬಂದಾಗ ಅದು ಈ ಅಡಿಪಾಯದ ಮೇಲೇ ನಿಂತಿತು. ಸಿದ್ದಿ ಹುಡುಗಿಯರೂ ಅಲ್ಲಿ ಕುಸ್ತಿ ಕಲಿತು ಪದಕ ತಂದಿದ್ದಾರೆ. ಓಟಕ್ಕೆ ಅಂಥ ಗರಡಿ ಇರಲಿಲ್ಲ.

ಅದನ್ನು ಕಟ್ಟುವ ಪ್ರಯತ್ನ ಶುರುವಾದದ್ದು 2010ರ ದಶಕದ ಕೊನೆಯ ವರ್ಷಗಳಲ್ಲಿ. ನಿತೀಶ್ ಚಿನಿವಾರ್ ಸ್ಥಾಪಿಸಿದ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಮುಂಡಗೋಡಕ್ಕೇ ಬಂದು ಸಿದ್ದಿ ಮತ್ತು ಇತರ ಮಕ್ಕಳಿಗೆ ಅಥ್ಲೆಟಿಕ್ಸ್ ಕಲಿಸತೊಡಗಿತು. ಹಿಂದಿನ ಯೋಜನೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ತರಬೇತಿ ಮೊದಲು ಮಕ್ಕಳ ಊರಿನ ಬಳಿಗೇ ಬಂತು. ಮೊದಲ ತಲೆಮಾರಿನ ಓಟಗಾರರು ಕೂಡ ಸುಮ್ಮನೆ ಕೂತಿಲ್ಲ. ಹರ್ನೋಡ್ಕರ್ ತಮ್ಮ ಸಮುದಾಯದ ಕಿರಿಯರಿಗೆ ಕಲಿಸುವ ಕೆಲಸ ಕೈಗೆತ್ತಿಕೊಂಡರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದರಿಂದ ಶಾಲೆ, ವಸತಿ ನಿಲಯದ ದಾರಿಯೂ ಮೊದಲಿಗಿಂತ ಸಲೀಸು.

ಮ್ಯಾರಥಾನ್ ಮಾತ್ರ ಇನ್ನೂ ಕಾಯಬೇಕಾದ ಓಟ. ನೂರು ಮೀಟರ್ ಓಡುವ ಹುಡುಗನ ವೇಗ ಹದಿನೈದರ ವಯಸ್ಸಿಗೇ ಕಾಣುತ್ತದೆ. ಮ್ಯಾರಥಾನ್ ಓಟಗಾರ ಮಾಗುವುದು ಇಪ್ಪತ್ತೈದು ದಾಟಿದ ಮೇಲೆ. ಹತ್ತು ವರ್ಷ ವಾರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡುವವರಿಗೆ ಅಷ್ಟೂ ಕಾಲ ಹೊಟ್ಟೆಪಾಡು ನಡೆಯಬೇಕು, ಗಾಯವಾದರೆ ನೋಡಿಕೊಳ್ಳುವವರು ಬೇಕು, ಮಳೆಗಾಲದ ಬೆಳಗಿನಲ್ಲಿ ಬಾಗಿಲು ತಟ್ಟಿ ಎಬ್ಬಿಸುವ ಗೆಳೆಯರು ಬೇಕು. ಹಳಿಯಾಳ, ಮುಂಡಗೋಡದ ತಾಲ್ಲೂಕು ಕ್ರೀಡಾಂಗಣಗಳಲ್ಲಿ, ದಾಂಡೇಲಿಯ ಶಾಲಾ ಮೈದಾನಗಳಲ್ಲಿ, ಜೋಯಿಡಾದ ಆಶ್ರಮ ಶಾಲೆಗಳಲ್ಲಿ ತರಬೇತುದಾರರನ್ನು ನಿಲ್ಲಿಸಿ, ಕ್ರೀಡಾ ಕೋಟಾದ ಕೆಲಸ ಸಿಕ್ಕ ಮೇಲೂ ಓಟ ಮುಂದುವರಿಸಲು ರಜೆ ಮತ್ತು ಅಭ್ಯಾಸದ ಹೊತ್ತು ಕೊಟ್ಟರೆ, 1993ರಲ್ಲಿ ಕಡಿದುಹೋದ ಎಳೆಯನ್ನು ಮತ್ತೆ ಜೋಡಿಸಬಹುದು. ಆ ಕಾಲದಲ್ಲಿ ಓಡಿದವರು ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಏನು ಕೈತಪ್ಪಿತು, ಯಾವುದರಿಂದ ತಪ್ಪಿತು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಹೊಸ ಯೋಜನೆ ಬರೆಯುವ ಮೇಜಿನ ಮುಂದೆ ಮೊದಲ ಕುರ್ಚಿ ಅವರಿಗೇ ಸಲ್ಲಬೇಕು.