ಶಲ್ಯತಂತ್ರವೂ ರಣಭೂಮಿಯ ವೈದ್ಯನೂ

ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಯುದ್ಧದಲ್ಲಿ ಮಡಿದ ವೀರರನ್ನು ನಮಗೆ ನೆನಪಿಸುತ್ತವೆ. ಬಾಣ ತಗಲಿಯೂ ಬದುಕಿ ಮನೆಗೆ ಮರಳಿದವರಿಗಾಗಲಿ, ಅವರನ್ನು ಬದುಕಿಸಿದ ವೈದ್ಯರಿಗಾಗಲಿ ಅಂಥ ಕಲ್ಲುಗಳಿಲ್ಲ. ಆ ವೈದ್ಯರ ವಿದ್ಯೆಯನ್ನು ಅರಿಯಬೇಕಾದರೆ ಸುಶ್ರುತಸಂಹಿತೆಯನ್ನು ತೆರೆಯಬೇಕು.

ಆಯುರ್ವೇದದ ಅಷ್ಟಾಂಗಗಳಲ್ಲಿ ಸುಶ್ರುತನು ಮೊದಲು ಎಣಿಸುವ ಅಂಗವು ಶಲ್ಯತಂತ್ರ. ದೇಹಕ್ಕೂ ಮನಸ್ಸಿಗೂ ಬಾಧೆಯನ್ನುಂಟುಮಾಡುವದೆಲ್ಲವೂ ಶಲ್ಯವೇ. ಆದರೂ ಅವುಗಳಲ್ಲಿ ಬಾಣವೇ ಮುಖ್ಯವೆಂದು ಆಚಾರ್ಯನ ನಿರ್ಣಯ. ಅದನ್ನು ತಡೆಯುವದು ಕಷ್ಟ, ಅದರ ಮೊನೆ ಸೂಕ್ಷ್ಮ, ಅದು ದೂರದಿಂದಲೇ ಕಾರ್ಯವನ್ನು ಸಾಧಿಸುವದು ಎಂಬಿವೇ ಕಾರಣಗಳು. ಬಾಣಗಳಲ್ಲಿ ಕಿವಿಯುಳ್ಳವು, ನುಣುಪಾದವು ಎಂದು ಎರಡು ಬಗೆ. ಕಿವಿಯುಳ್ಳದ್ದನ್ನು ಅವಸರದಿಂದ ಹಿಂದಕ್ಕೆಳೆದರೆ ಅದು ಮಾಂಸವನ್ನು ಹರಿದುಕೊಂಡೇ ಬರುವದು. ಆದಕಾರಣ ಬಾಣವನ್ನು ಕೀಳುವ ಬಲವು ವಿದ್ಯೆಯಲ್ಲ; ಹೇಗೆ ಕೀಳಬೇಕು, ಯಾವಾಗ ಕೀಳಬಾರದು ಎಂಬ ತಿಳಿವೇ ವಿದ್ಯೆ.

ಮುರಿದ ಮೊನೆಯು ಮೈಯೊಳಗೆ ಅಡಗಿದ್ದರೆ ಮೊದಲು ಅದರ ನೆಲೆಯನ್ನು ಕಾಣಬೇಕು. ಚರ್ಮದಲ್ಲಿ ಅಡಗಿದ್ದರೆ ಗಟ್ಟಿಯಾದ ತುಪ್ಪವನ್ನಾಗಲಿ ಚಂದನದ ಕಲ್ಕವನ್ನಾಗಲಿ ಹಚ್ಚಬೇಕು. ಒಳಗಿನ ಕಾವಿನಿಂದ ತುಪ್ಪವು ಬೇಗ ಕರಗಿದ, ಇಲ್ಲವೆ ಲೇಪವು ಬೇಗ ಒಣಗಿದ ಸ್ಥಳವೇ ಶಲ್ಯದ ಸ್ಥಳ. ಸಿರೆ ಸ್ನಾಯುಗಳಲ್ಲಿ ಅಡಗಿದ್ದರೆ ಗಾಯಾಳುವನ್ನು ಮುರುಕು ಗಾಲಿಯ ಬಂಡಿಯಲ್ಲಿ ಕುಳ್ಳಿರಿಸಿ ಏರುತಗ್ಗಿನ ದಾರಿಯಲ್ಲಿ ವೇಗವಾಗಿ ಒಯ್ಯಬೇಕು. ನೋವು ಎದ್ದ ಸ್ಥಳದಲ್ಲಿ ಶಲ್ಯವಿದೆಯೆಂದು ತಿಳಿಯಬೇಕು. ಉಪಾಯವು ಕಠಿನವೇ ಸರಿ. ಆದರೆ ನೆಲೆಯರಿಯದೆ ಮೈಯನ್ನು ಬಗೆಯುವದಕ್ಕಿಂತ ಇದು ಲೇಸು.

ನೆಲೆ ತಿಳಿದ ಮೇಲೆ ದಿಕ್ಕಿನ ವಿಚಾರ. ಹೊಕ್ಕ ದಾರಿಯಿಂದಲೇ ಹಿಂದಕ್ಕೆ ತೆಗೆಯುವದು ಪ್ರತಿಲೋಮ. ಆಚೆಯ ಬದಿಯನ್ನು ಸಮೀಪಿಸಿದ್ದನ್ನು ಮುಂದಣಿಂದಲೇ ಹೊರಪಡಿಸುವದು ಅನುಲೋಮ. ಸುಶ್ರುತನು ಹೇಳುವ ಯಂತ್ರಗಳು 101. ಅವುಗಳಲ್ಲಿ ಎಲುಬಿನಲ್ಲಿ ನಟ್ಟ ಶಲ್ಯವನ್ನು ಹಿಡಿದು ತೆಗೆಯುವ ಸ್ವಸ್ತಿಕಯಂತ್ರಗಳು 24. ಒಂದೊಂದರ ಉದ್ದ 18 ಅಂಗುಲ. ಮೃಗಪಕ್ಷಿಗಳ ಮುಖದಂತೆ ಮಾಡಿದ ಇವುಗಳಲ್ಲಿ ಆಳಕ್ಕಿಳಿದು ಬಿಗಿಯಾಗಿ ಹಿಡಿಯುವ ಕಂಕಮುಖವೇ ಶ್ರೇಷ್ಠ. ಯಂತ್ರಕ್ಕೂ ಜಗ್ಗದ ಬಾಣವನ್ನು ಬಗ್ಗಿಸಿದ ಬಿಲ್ಲಿನ ಹೆದೆಗೋ, ಕುದುರೆಯ ಕಡಿವಾಣಕ್ಕೋ, ಬಾಗಿಸಿದ ಮರದ ಕೊಂಬೆಗೋ ಕಟ್ಟಿ ಒಮ್ಮೆಲೇ ಕೀಳಿಸಬೇಕು. ಬಾಣವನ್ನು ಎಸೆದ ಬಿಲ್ಲೇ ಬಾಣವನ್ನು ಕೀಳುವ ಸಾಧನವಾದದ್ದು ವಿಚಾರಾರ್ಹ.

ಇಷ್ಟೆಲ್ಲ ಸಾಧನಗಳಿದ್ದರೂ ಕೈ ತಡೆಯಬೇಕಾದ ಸ್ಥಳಗಳುಂಟು. ದೇಹದ 107 ಮರ್ಮಗಳಲ್ಲಿ 3 ವಿಶಲ್ಯಘ್ನಗಳು: ಕಣತಲೆಯ ಮೇಲ್ಗಡೆಯ ಉತ್ಕ್ಷೇಪಗಳೆರಡು, ಹುಬ್ಬುಗಳ ನಡುವಣ ಸ್ಥಪನಿಯೊಂದು. ಅಲ್ಲಿ ನಟ್ಟ ಶಲ್ಯವು ಇರುವವರೆಗೆ ಮನುಷ್ಯನು ಬದುಕುವನು, ಪಕ್ವವಾಗಿ ತಾನಾಗಿ ಬಿದ್ದರೂ ಬದುಕುವನು, ಕಿತ್ತರೆ ಸಾಯುವನು. ಅರಚುವ ಗಾಯಾಳುವಿನ, ಅಳುವ ಬಂಧುಗಳ ಮುಂದೆ ಏನನ್ನೂ ಮಾಡದೆ ಕಾಯುವದಕ್ಕೆ ಕೀಳುವದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಶಲ್ಯವನ್ನು ತೆಗೆದ ಬಳಿಕ ರಕ್ತವನ್ನು ನಿಲ್ಲಿಸಿ, ಶಾಖ ಕೊಟ್ಟು, ಸುಟ್ಟು, ತುಪ್ಪ ಜೇನುತುಪ್ಪಗಳನ್ನು ಹಚ್ಚಿ ಕಟ್ಟುವದು ವಿಧಿ. ಮೂರ್ಛೆ ಹೋದವನ ಮೇಲೆ ತಣ್ಣೀರು ಚಿಮುಕಿಸಬೇಕು; ಮರ್ಮಗಳನ್ನು ಕಾಯಬೇಕು; ಮತ್ತೆ ಮತ್ತೆ ಸಮಾಧಾನದ ಮಾತು ಹೇಳಬೇಕು. ಇಂಥ ವೈದ್ಯನ ನೆಲೆಯು ಪಾಳೆಯದಲ್ಲಿ ಅರಸನ ಬಿಡಾರದ ಪಕ್ಕದಲ್ಲಿಯೇ ಇರಬೇಕೆಂದೂ, ಅವನ ಕೀರ್ತಿಯು ಧ್ವಜದಂತೆ ದೂರಕ್ಕೆ ಕಾಣುವದೆಂದೂ ಸುಶ್ರುತನು ಹೇಳಿದ್ದಾನೆ. ಕಲ್ಲಿನಲ್ಲಿ ಹೆಸರಿಲ್ಲದ ವೈದ್ಯನಿಗೆ ಶಾಸ್ತ್ರವು ಎತ್ತಿದ ಧ್ವಜವಿದು.